ಅಮೃತೇಶನ ತಲೆ ಮೇಲಿನ ಆಣೆ

ತಿ. ನರಸೀಪುರ
1 ಜುಲೈ 2024

ಅಣ್ಣಯ್ಯನಿಗೆ ನಿನ್ನ ತಂಗಿ ವನಿತಾ ಬರೆಯುವ ಕಾಗದ.

ನನ್ನ ಅಕ್ಷರ ಕಂಡ ಕೂಡಲೇ ಮಡಿಸಿ ಇಟ್ಟುಬಿಡಬೇಡ. ಮೊದಲು ಪೂರ್ತಿ ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು. ಹನ್ನೆರಡು ವರ್ಷದ ಹಿಂದೆ ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕರ್ಪೂರ ಹಚ್ಚಿ ನನ್ನ ಮಗನ ತಲೆ ಮೇಲೆ ಆಣೆ ಇಟ್ಟಾಗ ನೀನು ಆಡಿದ ಮಾತು ನನಗೆ ಒಂದಕ್ಷರ ಮರೆತಿಲ್ಲ. 'ಇನ್ಮ್ಯಾಕೆ ನಿನ್ ಜೊತೆ ಬಾಯ್ ಬುಟ್ಟು ಮಾತಾಡುದ್ರೆ' ಎಂದೆ. ಬಾಯಿ ಎಂದೆ, ಕೈ ಎನ್ನಲಿಲ್ಲ. ಮೂವತ್ತು ವರ್ಷ ಕಂಡಕ್ಟರಾಗಿ ಬಸ್ಸಿನ ತುಂಬ ರೂಲ್ಸು ಮಾತಾಡಿದವನು ನೀನು. ಅದಕ್ಕೇ ರೂಲ್ಸಿನ ಪ್ರಕಾರ ಬರೆಯುತ್ತಿದ್ದೇನೆ.

ನಿನ್ನ ಮಗಳು ಕವನ ಫೋನ್ ಮಾಡಿದ್ದಳು. ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುತ್ತಿದ್ದೆ. ಅಪ್ಪನ ಗಂಟಲಲ್ಲಿ ಗಡ್ಡೆ ಅತ್ತೆ, ಆಗಸ್ಟ್ ಹನ್ನೆರಡಕ್ಕೆ ಮೈಸೂರಲ್ಲಿ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ, ಆಮೇಲೆ ಅಪ್ಪನಿಗೆ ಮಾತು ಬರುವುದಿಲ್ಲವಂತೆ ಎಂದಳು. ಕೈಯಲ್ಲಿ ಅರ್ಧ ಸುಲಿದ ಮೊಟ್ಟೆ ಹಿಡಿದು ಹಾಗೇ ನಿಂತುಬಿಟ್ಟೆ. ಒಂದು ಮಗು ಸೀರೆ ಜಗ್ಗಿ 'ಮಿಸ್, ನಂಗೆ' ಎಂದಾಗಲೇ ಎಚ್ಚರವಾದದ್ದು.

ನನಗೆ ಬೇಕಿರುವುದು ಒಂದೇ. ಆಪರೇಷನ್ನಿಗೆ ಮೊದಲು ಒಂದು ಸಲ ನಿನ್ನ ದನಿ ಕೇಳಬೇಕು. ಬೈದರೂ ಸರಿ. ಆಣೆ ಬಿಡಿಸುವುದಕ್ಕೆ ನಮ್ಮ ಕಡೆ ದಾರಿ ಇದ್ದೇ ಇದೆ. ಇಬ್ಬರೂ ಹೋಗಿ ಹೊಳೆಯಲ್ಲಿ ಮಿಂದು, ನಂಜುಂಡಪ್ಪನಿಗೆ ತಪ್ಪುಕಾಣಿಕೆ ಹಾಕಿ, ಒಂದೇ ಚೊಂಬಿನಲ್ಲಿ ನೀರು ಕುಡಿದರೆ ಮುಗಿಯಿತು. ಯಾರ್ಯಾರೋ ಬಿಡಿಸಿಕೊಂಡಿದ್ದಾರೆ, ನಾವೇನು ಹೆಚ್ಚೇ? ಯಾವತ್ತು ಬರಲಿ ಹೇಳು.

ನಿನ್ನ ಹಠವನ್ನೇ ಹಂಚಿಕೊಂಡು ಹುಟ್ಟಿದ,
ವನಿತಾ

*

ತಾಂಡವಪುರ
8 ಜುಲೈ 2024

ವನಿತಾಳಿಗೆ,

ಕಾಗದ ತಲುಪಿತು. ಒಲೆಗೆ ಹಾಕಲಿಲ್ಲ. ಈಗ ನಮ್ಮ ಮನೆಯಲ್ಲಿರುವುದು ಗ್ಯಾಸು.

ಕೈಯಲ್ಲಿ ಬರೆದರೆ ಆಣೆಗೆ ಸೇರುತ್ತದೋ ಇಲ್ಲವೋ ಎಂದು ಎರಡು ದಿನ ಯೋಚನೆ ಮಾಡಿದೆ. ಸೇರುವುದಿಲ್ಲ ಎಂದೇ ತೋರಿತು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಿನ್ನ ಅತ್ತಿಗೆ ಮರಿತಾಯಮ್ಮ, 'ಇಬ್ರಿಗೂ ತಲೆ ಕೆಟ್ಟದೆ, ಲಾಯರ್‌ಗಳಂಗೆ ಪಾಯಿಂಟ್ ಹುಡುಕ್ತ ಕುಂತವ್ರೆ' ಎಂದು ಪಾತ್ರೆ ಕುಕ್ಕಿ ಒಳಗೆ ಹೋದಳು.

ಗಂಟಲ ವಿಚಾರ ನಿಜ. ದನಿ ಈಗಲೇ ಒಡೆದುಹೋಗಿದೆ, ಕೇಳಿಸಿಕೊಳ್ಳುವಂಥದ್ದೇನೂ ಉಳಿದಿಲ್ಲ. ಊಟ ಮೆತ್ತಗೆ ಮಾಡಿಕೊಂಡು ತಿನ್ನುತ್ತೇನೆ. ಮಿಕ್ಕಂತೆ ಆರಾಮ.

ಆಣೆ ಬಿಡಿಸುವ ಮಾತು ಬೇಡ. ನಿನಗೆ ಗೊತ್ತಿಲ್ಲದ ಕೆಲವು ಸಂಗತಿಗಳಿವೆ. ಎಲ್ಲರೂ ನೆಟ್ಟಗಿದ್ದಾರೆ, ಎರಡು ಮನೆಯೂ ನಡೆಯುತ್ತಿದೆ. ಹೀಗೇ ಇರಲಿ.

ಅಮೃತೇಶ ಹೇಗಿದ್ದಾನೆ? ಮಳೆಗಾಲ. ಕರೆಂಟ್ ಕಂಬ ಹತ್ತುವಾಗ ಕೈಗೆ ಗ್ಲೌಸು ಹಾಕಿಕೊಳ್ಳುತ್ತಾನಾ ಎಂದು ವಿಚಾರಿಸು. ಲೈನು ಆಫ್ ಮಾಡಿದ್ದಾರೆಂದು ಬಾಯಿಮಾತಿಗೆ ಹೇಳಿದರೆ ನಂಬಬಾರದು, ಅವನೇ ಹೋಗಿ ನೋಡಿ ಬರಬೇಕು. ಇಷ್ಟನ್ನು ನಾನು ಹೇಳಿದೆನೆಂದು ಹೇಳಬೇಡ, ನೀನೇ ಹೇಳಿದ ಹಾಗೆ ಹೇಳು.

ಇಂತು,
ಮಹಾದೇವಸ್ವಾಮಿ

*

ತಿ. ನರಸೀಪುರ
13 ಜುಲೈ 2024

ಅಣ್ಣಯ್ಯ,

ಎಲ್ಲರೂ ನೆಟ್ಟಗಿದ್ದಾರಂತೆ. ನಿನ್ನ ಮೊಮ್ಮಗಳ ಮುಖವನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಕವನಳ ಮದುವೆಯಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಅಕ್ಷತೆ ಹಾಕಿ, ನಿಮ್ಮ ಮನೆಯ ನೀರು ಮುಟ್ಟದೆ ಎದ್ದು ಬಂದೆ. ಅತ್ತಿಗೆ ಬಾಗಿಲವರೆಗೆ ಬಂದು ನನ್ನ ಸೆರಗು ಹಿಡಿದುಕೊಂಡು ಅತ್ತರು. ಇದಕ್ಕೆ ನೆಟ್ಟಗಿರುವುದು ಎನ್ನುತ್ತಾರಾ?

ಇವತ್ತು ನನಗೆ ಕೋಪ ಬಂದಿದೆ, ಇದ್ದದ್ದನ್ನೆಲ್ಲ ಬರೆದುಬಿಡುತ್ತೇನೆ. ಅವ್ವ ಹೋದಾಗ ನನಗೆ ಹತ್ತು ವರ್ಷ, ನಿನಗೆ ಹದಿನೇಳು. ಅಪ್ಪ ಮೊದಲೇ ಇರಲಿಲ್ಲ. ಇಟ್ಟಿಗೆ ಗೂಡಿನಲ್ಲಿ ಕಲ್ಲು ಹೊತ್ತು ನನ್ನನ್ನು ಸಾಕಿದೆ. ಬೆಳಿಗ್ಗೆ ಎದ್ದು ನನಗೆ ಜಡೆ ಹೆಣೆಯುತ್ತಿದ್ದೆ, ಒಂದು ಜಡೆ ಕಿವಿ ಮೇಲೆ, ಇನ್ನೊಂದು ಕುತ್ತಿಗೆ ಹಿಂದೆ, ಸ್ಕೂಲಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಬಿಚ್ಚಿಕೊಳ್ಳುತ್ತಿರಲಿಲ್ಲ. ಅದನ್ನೆಲ್ಲ ಮರೆತಿಲ್ಲ. ಆದರೆ ಆವತ್ತಿನಿಂದಲೇ ನಿನ್ನ ತಲೆಯಲ್ಲಿ ಒಂದು ಕೂತುಬಿಟ್ಟಿತು. ನೀನು ಹಿಡಿದುಕೊಂಡಿದ್ದರೆ ಮಾತ್ರ ಮನೆ ನಿಲ್ಲುತ್ತದೆ, ನೀನು ಕೈ ಬಿಟ್ಟರೆ ಬಿದ್ದೇ ಹೋಗುತ್ತದೆ ಅಂತ.

ಅದಕ್ಕೇ ಅಲ್ಲವಾ ಕವನಳನ್ನು ನನ್ನ ಅಮೃತೇಶನಿಗೆ ಕೊಡುತ್ತೇನೆ ಎಂದು ಹೊರಟದ್ದು. ತಂಗಿಯ ಮಗನಿಗೆ ಮಗಳನ್ನು ಕೊಡುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದೇ, ತಪ್ಪೆನ್ನುವುದಿಲ್ಲ. ಎರಡು ಮನೆಯನ್ನೂ ಬಿಗಿದು ಕಟ್ಟಬೇಕು, ನಾಳೆ ಯಾರೂ ಬೇರೆಯಾಗಬಾರದು ಎಂದೆ. ಆದರೆ ಆ ಇಬ್ಬರೂ ನಿನ್ನ ಮನೆಯಲ್ಲೇ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಚಾಪೆಯಲ್ಲಿ ಉರುಳಾಡಿ ಬೆಳೆದವರು. ಅವರನ್ನು ಒಂದು ಮಾತು ಕೇಳಲಿಲ್ಲ. ನಿಶ್ಚಯ ಮಾಡಲು ನಂಜನಗೂಡಿಗೆ ಎಲ್ಲರನ್ನೂ ಹೊರಡಿಸಿಕೊಂಡು ಹೋದೆ. ಸ್ನಾನಘಟ್ಟದಲ್ಲಿ ಅಮೃತೇಶ ಕೈ ಮುಗಿದು, 'ಮಾವ, ಕವನ ನಂಗೆ ತಂಗಿ ಇದ್ದಂಗೆ, ನನ್ ಕೈಲಾಗಲ್ಲ' ಎಂದ. ನಿನ್ನ ಮಗಳೂ ತಲೆ ತಗ್ಗಿಸಿಕೊಂಡು 'ನಂಗೂ ಬ್ಯಾಡಪ್ಪ' ಎಂದಳು. ನಾನು ಮಕ್ಕಳ ಪರ ಮಾತಾಡಿದೆ.

ಆಗ ನೀನು ಕರ್ಪೂರ ಹಚ್ಚಿದೆ. ನಿನ್ನ ಜೊತೆ ಮಾತಾಡಿದರೆ, ನಿನ್ನ ಮನೆಯ ನೀರು ಮುಟ್ಟಿದರೆ ಅಮೃತೇಶನ ತಲೆ ಮೇಲಾಣೆ, ಅವನಿಗೆ ಕೇಡಾಗಲಿ ಎಂದೆ. ಅವನು ಅಲ್ಲೇ ನಿಂತಿದ್ದ. ಇಪ್ಪತ್ತಮೂರು ವರ್ಷದ ಹುಡುಗ, ಮುಖದಲ್ಲಿ ರಕ್ತವೇ ಇರಲಿಲ್ಲ. ನಿನ್ನ ಮಗಳೂ ಪಕ್ಕದಲ್ಲೇ ಇದ್ದಳಲ್ಲ, ಅವಳ ತಲೆ ಮೇಲೆ ಯಾಕೆ ಇಡಲಿಲ್ಲ? ನನ್ನ ಮಗನ ತಲೆಯೇ ನಿನಗೆ ಅಗ್ಗವಾಗಿ ಸಿಕ್ಕಿತಾ? ಆ ಸಿಟ್ಟಿಗೆ ನಾನೂ ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ, 'ನಂದೂ ಅದೇ ಆಣೆ' ಎಂದೆ. ಆ ತಪ್ಪು ನನ್ನದು, ಒಪ್ಪುತ್ತೇನೆ.

ಆದರೆ ಅಣ್ಣಯ್ಯ, ಹನ್ನೆರಡು ವರ್ಷವಾದರೂ ನಿನ್ನ ಕೋಪ ಇಳಿಯಲಿಲ್ಲವಲ್ಲ. ಮಾತೇ ಹೋಗುತ್ತದೆ ಎಂದು ಗೊತ್ತಾದ ಮೇಲೂ ನಿನಗೆ ಆಣೆಯೇ ಹೆಚ್ಚಾಯಿತಲ್ಲ. ಅದೇ ನನಗೆ ಸಂಕಟ.

ವನಿತಾ

*

ತಾಂಡವಪುರ
20 ಜುಲೈ 2024

ವನಿತಾಳಿಗೆ,

ಅಗ್ಗ ಎಂದು ಬರೆದೆ. ಆ ಪದ ಓದಿದ ಮೇಲೆ ಊಟ ಸೇರಲಿಲ್ಲ. ಮರಿತಾಯಮ್ಮ ಗಂಟಲು ನೋವೇ ಎಂದು ಕೇಳಿದಳು. ಹೌದೆಂದೆ.

ದೇವರ ಮುಂದೆ ಆಣೆಗೆ ಇಡುವುದು ತನ್ನಲ್ಲಿರುವ ಅತಿ ದೊಡ್ಡದನ್ನು. ಅಗ್ಗದ್ದನ್ನು ಯಾರಾದರೂ ಇಡುತ್ತಾರಾ? ಅಮೃತೇಶ ಹುಟ್ಟಿದಾಗ ಕವನ ಇನ್ನೂ ಹುಟ್ಟಿರಲಿಲ್ಲ. ಈ ಮನೆಯಲ್ಲಿ ನಾನು ಎತ್ತಿ ಆಡಿಸಿದ ಮೊದಲನೇ ಮಗು ಅವನು. ಹೆಗಲ ಮೇಲೆ ಕೂತು ನನ್ನ ಕೂದಲು ಹಿಡಿದುಕೊಂಡು, ಬಸ್ಸಿನಲ್ಲಿ ನಾನು ಕೂಗುವ ಹಾಗೇ 'ಮುಂದೆ ಓಗಿ, ಮುಂದೆ ಓಗಿ' ಎಂದು ಕೂಗುತ್ತಿದ್ದ. ಆವತ್ತು ಸಿಟ್ಟಿನಲ್ಲಿ, ನನಗೆ ಯಾವುದು ಪ್ರಾಣವೋ ಅದು ಬಾಯಿಗೆ ಬಂತು. ಬಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ನೀನು ಕರ್ಪೂರ ಆರಿಸಿದ್ದೆ. ಆಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ಇನ್ನೊಂದು ಸಂಗತಿ ಇದೆ. ಇದನ್ನು ಮರಿತಾಯಮ್ಮನಿಗೂ ಹೇಳಿಲ್ಲ. 2018ರಲ್ಲಿ ನಾನು ನಿಮ್ಮ ಊರಿನ ರೂಟಿನಲ್ಲಿದ್ದಾಗ, ತಿಂಗಳಿಗೊಂದು ಸಲ ನೀನು ನನ್ನ ಬಸ್ಸನ್ನೇ ಕಾದು ಹತ್ತುತ್ತಿದ್ದೆ. ನನಗೆ ಗೊತ್ತಿತ್ತು. ಎಲ್ಲಿಗೆ ಎಂದು ಕೇಳದೆ ಟಿಕೆಟ್ ಕೊಡುತ್ತಿದ್ದೆ. ಒಂದು ದಿನ ಬಿಳಿಗೆರೆಯಲ್ಲಿ ಇಳಿಯುವಾಗ ಬಸ್ಸಿನ ಮೆಟ್ಟಿಲಲ್ಲಿ ನಿನ್ನ ಕಾಲು ಜಾರಿತು. 'ಉಷಾರು ಕೂಸೇ' ಅಂದುಬಿಟ್ಟೆ. ಬೇಕೆಂದು ಆಡಿದ್ದಲ್ಲ.

ಅದಾಗಿ ಒಂಬತ್ತನೇ ದಿನ ಅಮೃತೇಶ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ.

ಆವತ್ತೇ ಡಿಪೋಗೆ ಅರ್ಜಿ ಕೊಟ್ಟು ರೂಟು ಬದಲಾಯಿಸಿಕೊಂಡೆ. ಎರಡು ಪದಕ್ಕೆ ಕಾಲು ಹೋಯಿತು. ಪೂರಾ ಮಾತಾಡಿದರೆ ಏನಾಗಬಹುದು? ಅವನು ದಿನಾ ಕಂಬ ಹತ್ತುವವನು. ನನಗೆ ಕೋಪ ಎಂದುಕೊಂಡಿದ್ದೀಯ. ಕೋಪ ಆ ವರ್ಷವೇ ಹೋಯಿತು. ನಾನು ಬಾಯಿ ಮುಚ್ಚಿಕೊಂಡಿರುವಷ್ಟು ದಿನ ಅವನಿಗೆ ಏನೂ ಆಗುವುದಿಲ್ಲ ಎಂದು ಕೂತಿದ್ದೇನೆ. ನನ್ನ ಕೈಲಾದದ್ದು ಅಷ್ಟೇ.

ನೀನು ಬರೆದ ಮೇಲೆ ದೇವಸ್ಥಾನಕ್ಕೆ ಹೋಗಿ ವಯಸ್ಸಾದ ಅರ್ಚಕರೊಬ್ಬರನ್ನು ಕೇಳಿದೆ. ಇಟ್ಟ ಜಾಗದಲ್ಲೇ ಬಿಡಿಸಿಕೊಳ್ಳುವುದು ವಾಡಿಕೆ ಎಂದರು. ಕ್ರಮವಾಗಿ ನಡೆಯುವುದಾದರೆ ಬರುತ್ತೇನೆ. ಜುಲೈ 28, ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಮೇಲಿನಿಂದ ಹದಿನಾಲ್ಕನೇ ಮೆಟ್ಟಿಲು. ಪೂರ್ತಿ ಮುಗಿಯುವವರೆಗೂ ಒಂದು ಮಾತೂ ಆಡಬೇಡ. ನಿನಗೆ ಅದು ಕಷ್ಟ ಎಂದು ಗೊತ್ತು.

ನಿನ್ನ ಅಣ್ಣ,
ಮಹಾದೇವಸ್ವಾಮಿ

*

ತಿ. ನರಸೀಪುರ
23 ಜುಲೈ 2024

ಅಣ್ಣಯ್ಯ,

ನಿನ್ನ ಕಾಗದವನ್ನು ಅಂಗನವಾಡಿಯ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ಹೊರಗೆ ಮಕ್ಕಳು ಗಲಾಟೆ ಮಾಡುತ್ತಿದ್ದವು. ಮಾಡಲಿ ಎಂದು ಬಿಟ್ಟೆ.

ಬಿಳಿಗೆರೆಯಲ್ಲಿ ನೀನು 'ಕೂಸೇ' ಎಂದದ್ದು ನನಗೆ ಮರೆಯುತ್ತದೆಯೇ? ಆವತ್ತು ದಾರಿಯುದ್ದಕ್ಕೂ ಅಳುತ್ತಾ ಹೋದೆ. ಅಣ್ಣ ಸೋತ, ಬರುವ ತಿಂಗಳು ಮಾತಾಡಿಯೇ ಆಡುತ್ತಾನೆ ಎಂದುಕೊಂಡೆ. ಬರುವ ತಿಂಗಳು ಹೊಸ ಸೀರೆ ಉಟ್ಟು ಹೋಗಿ ನಿಂತರೆ ಬಸ್ಸಿನಲ್ಲಿ ಬೇರೆ ಕಂಡಕ್ಟರ್. ಒಂದು ಪದ ಆಡಿದ್ದಕ್ಕೇ ಅಸಹ್ಯಪಟ್ಟುಕೊಂಡು ರೂಟು ಬಿಟ್ಟ ಎಂದು ನಿನ್ನನ್ನು ಶಪಿಸಿದೆ. ಆರು ವರ್ಷ ಹಾಗೇ ಅಂದುಕೊಂಡು ಬದುಕಿದೆ. ನನ್ನ ಮಗನನ್ನು ಕಾಯುತ್ತಾ ಕೂತಿದ್ದೀಯ ಎಂದು ನನಗೇನು ಗೊತ್ತು?

ಆದರೆ ಆ ಬೈಕಿನ ವಿಚಾರ ನಿನಗೆ ಪೂರ್ತಿ ಗೊತ್ತಿಲ್ಲ. ಅವನು ಬಿದ್ದದ್ದು ಕಬ್ಬಿನ ಲಾರಿ ಮುಂದೆ. ಅವನ ತಲೆಯಿಂದ ಒಂದು ಮೊಳ ದೂರದಲ್ಲಿ ಚಕ್ರ ನಿಂತಿತು. ಹೇಗೆ ನಿಂತಿತು ಎಂದು ಡ್ರೈವರ್‌ಗೇ ಗೊತ್ತಿಲ್ಲ. ಆ ಮನುಷ್ಯ ರಸ್ತೆಯಲ್ಲಿ ಕೂತು ಮಗುವಿನ ಹಾಗೆ ನಡುಗುತ್ತಿದ್ದ. ನೀನು ಕಾಲು ಮುರಿದದ್ದನ್ನು ಕೇಳಿ ದೇವರು ಶಿಕ್ಷೆ ಕೊಟ್ಟ ಎಂದುಕೊಂಡೆ. ನಾನು ಆವತ್ತು ಆಸ್ಪತ್ರೆಯಲ್ಲಿ, ನನ್ನ ಮಗನ ತಲೆ ಉಳಿಸಿಕೊಟ್ಟೆಯಲ್ಲಪ್ಪ ಎಂದು ಗೋಡೆಗೆ ಕೈ ಮುಗಿದು ನಿಂತಿದ್ದೆ.

ಭಾನುವಾರ ಬರುತ್ತೇನೆ. ಬಾಯಿಗೆ ಎಲೆಅಡಿಕೆ ತುಂಬಿಕೊಂಡು ಬರುತ್ತೇನೆ, ಮಾತಾಡುವ ಭಯ ನಿನಗೆ ಬೇಡ.

ವನಿತಾ

*

ತಾಂಡವಪುರ
30 ಜುಲೈ 2024

ವನಿತಾಳಿಗೆ,

ಭಾನುವಾರ ನೀನೂ ನೋಡಿದೆ, ನಾನೂ ನೋಡಿದೆ. ಕಬಿನಿಯಿಂದ ನೀರು ಬಿಟ್ಟು ಹೊಳೆ ತುಂಬಿದೆ ಎಂದು ಕೇಳಿದ್ದೆ, ಇಷ್ಟು ಎಂದು ಗೊತ್ತಿರಲಿಲ್ಲ. ಹದಿನಾಲ್ಕನೇ ಮೆಟ್ಟಿಲಿರಲಿ, ಮೊದಲನೇ ಮೆಟ್ಟಿಲೇ ಕಾಣಲಿಲ್ಲ. ಪೊಲೀಸಿನವರು ಹಗ್ಗ ಕಟ್ಟಿದ್ದರು. ನೀನು ಆ ಕಡೆ ನಿಂತಿದ್ದೆ, ನಾನು ಈ ಕಡೆ. ಅರ್ಧ ಗಂಟೆ ನಿಂತೆವು. ನಿನ್ನ ತಲೆಗೂದಲು ಇಷ್ಟು ನೆರೆತಿದೆ ಎಂದು ನನಗೆ ಗೊತ್ತಿರಲಿಲ್ಲ.

ನೀನು ಹಗ್ಗದ ಹತ್ತಿರ ಬಂದು ಬಾಯಿ ತೆಗೆಯಲು ಹೋದೆ. ನಾನು ಕೈ ಅಡ್ಡ ಮಾಡಿ ಹೊರಟುಬಂದೆ. ಬೇಜಾರು ಮಾಡಿಕೊಳ್ಳಬೇಡ.

ಬಂದ ಮೇಲೆ ಯೋಚಿಸಿದೆ. ಹನ್ನೆರಡು ವರ್ಷದಲ್ಲಿ ಒಂದು ದಿನ ಬಿಡಿಸಿಕೊಳ್ಳೋಣ ಎಂದು ಹೋದರೆ ಆ ಮೆಟ್ಟಿಲನ್ನೇ ಮುಳುಗಿಸಿದನಲ್ಲ. ನಂಜುಂಡಪ್ಪನಿಗೆ ಇಷ್ಟವಿಲ್ಲ ಎಂದೇ ಅರ್ಥ. ಆಗಸ್ಟ್ ಹತ್ತಕ್ಕೆ ಆಸ್ಪತ್ರೆಗೆ ಸೇರಬೇಕು. ಅಷ್ಟರಲ್ಲಿ ನೀರು ಇಳಿದರೂ ಕೆಸರು ಇರುತ್ತದೆ, ಬಿಡುವುದಿಲ್ಲ. ಕವನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅತ್ತೆಗೆ ಕಳಿಸೋಣ ಎಂದಳು. ಅದೂ ಬಾಯಿಂದ ಆಡಿದ ಮಾತೇ ಅಲ್ಲವೇ? ಬೇಡ ಎಂದೆ.

ಇನ್ನು ಹದಿಮೂರು ದಿನ ತಡೆದುಕೊಂಡರೆ ಆಮೇಲೆ ಆಡಬೇಕೆಂದರೂ ನನಗೆ ಮಾತಿರುವುದಿಲ್ಲ. ಅಮೃತೇಶನ ತಲೆ ಶಾಶ್ವತವಾಗಿ ಕ್ಷೇಮ. ಈ ರೋಗದಿಂದ ಅಷ್ಟಾದರೂ ಆಯಿತು ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ನೀನೂ ಮಾಡಿಕೊ.

ಮಹಾದೇವಸ್ವಾಮಿ

*

ತಿ. ನರಸೀಪುರ
3 ಆಗಸ್ಟ್ 2024

ಅಣ್ಣಯ್ಯ,

ನಾನು ಸಮಾಧಾನ ಮಾಡಿಕೊಳ್ಳುವುದಿಲ್ಲ.

ನಿನ್ನ ಕಾಗದಗಳನ್ನೆಲ್ಲ ಅಮೃತೇಶನ ಕೈಗೆ ಕೊಟ್ಟೆ. ಕೊಡಬೇಡ ಎಂದು ನೀನು ಎಲ್ಲಿಯೂ ಬರೆದಿರಲಿಲ್ಲ. ಡ್ಯೂಟಿಯಿಂದ ಬಂದು, ಶೂ ಕೂಡ ಬಿಚ್ಚದೆ ಬಾಗಿಲಲ್ಲೇ ಕೂತು ಓದಿದ. ಎರಡು ಸಲ ಓದಿದ. ಆಮೇಲೆ, 'ಅವ್ವ, ಆಣೆ ಇಟ್ಟಾಗಿಂದ ನಾನು ಮಾವನ್ ಕಣ್ಣಿಗೆ ಬೇಡದವನಾದೆ ಅಂದ್ಕಂಡಿದ್ದೆ. ಆರ್ ವರ್ಸದಿಂದ ನನ್ ಕಾಯ್ಕಂಡು ಕುಂತಿದ್ರಾ' ಎಂದ. ಮೂವತ್ತೈದು ವರ್ಷದ ಗಂಡಸು, ಮುಖ ಆ ಕಡೆ ತಿರುಗಿಸಿಕೊಂಡ. ಶೂ ಬಿಚ್ಚುತ್ತಾ ಇನ್ನೊಂದು ಮಾತು ಹೇಳಿದ. 'ನಾನು ದಿನಾ ಕಂಬ ಅತ್ತೋವಾಗ ಬೆಲ್ಟ್ ಕಟ್ಕತೀನಿ, ಗ್ಲೌಸ್ ಆಕತೀನಿ, ನಂಜುಂಡಪ್ಪಾ ಅಂತೀನಿ, ಅತ್ತೀನಿ. ಮಾವ ಬಾಯ್ ಮುಚ್ಕಂಡವ್ರೆ ಅನ್ನೋ ಧೈರ್ಯದ ಮ್ಯಾಲೆ ಒಂದ್ ದಿನಾನೂ ಅತ್ತಿಲ್ಲ ಕಣವ್ವ' ಎಂದ.

ಅಣ್ಣಯ್ಯ, ನನ್ನ ಮಗ ಇಷ್ಟು ವರ್ಷ ಜೀವಂತ ಇರುವುದು ನಿನ್ನ ಬಾಯಿ ಮುಚ್ಚಿದ್ದರಿಂದಲಾ, ನಂಜುಂಡಪ್ಪನಿಂದಲಾ? ಇದೊಂದನ್ನು ನಿನ್ನ ಮನಸ್ಸಿಗೆ ಕೇಳಿಕೊ. ನೀನು ದೇವರನ್ನು ನಂಬಿದ್ದೇನೆ ಎನ್ನುತ್ತೀಯ. ನನಗೆ ಹಾಗೆ ಕಾಣುವುದಿಲ್ಲ. ನೀನು ನಂಬಿರುವುದು ನಿನ್ನ ಹಲ್ಲುಕಚ್ಚುವಿಕೆಯನ್ನು. ಮೊದಲು ನಿನ್ನ ತೋಳಿನ ಬಲದಿಂದ ಮನೆ ಹಿಡಿದೆ. ಆಮೇಲೆ ಮಕ್ಕಳ ಮದುವೆ ಮಾಡಿ ಹಿಡಿಯಲು ನೋಡಿದೆ. ಅದು ಕೈತಪ್ಪಿದಾಗ ಆಣೆ ಹಾಕಿದೆ. ಒಟ್ಟಿಗಿರಬೇಕು ಎಂದು ನೀನು ಒಂದೊಂದು ಸಲ ಬಿಗಿದಾಗಲೂ ನಾವು ಇನ್ನಷ್ಟು ದೂರವಾದೆವು. ಬೈಯುತ್ತಿಲ್ಲ ಅಣ್ಣಯ್ಯ. ಹದಿನೇಳು ವರ್ಷಕ್ಕೇ ತಲೆ ಮೇಲೆ ಭಾರ ಬಿದ್ದವನಿಗೆ ಅದನ್ನು ಇಳಿಸಿ ಇಡು ಎಂದು ಯಾರೂ ಹೇಳಲಿಲ್ಲ. ನಾನಾದರೂ ಹೇಳಬೇಕಿತ್ತು.

ಮೆಟ್ಟಿಲು ಮುಳುಗಿದೆ ಎಂದರೆ ನಂಜುಂಡಪ್ಪನಿಗೆ ಇಷ್ಟವಿಲ್ಲ ಎಂದು ನೀನು ಓದಿದೆ. ಮೆಟ್ಟಿಲು ಬೇಡ, ಹದಿನಾಲ್ಕು ಎಂದು ಎಣಿಸುವುದೂ ಬೇಡ, ಸುಮ್ಮನೆ ಕೇಳಿಕೋ ಎಂದು ನಾನು ಓದಿದೆ. ಯಾರು ಸರಿಯೋ ಗೊತ್ತಿಲ್ಲ. ಅವನು ಆ ಒಂದು ಕಲ್ಲಿನ ಮೇಲೆ ಮಾತ್ರ ಕೂತಿಲ್ಲ ಎನ್ನುವುದಂತೂ ಗೊತ್ತು.

ಒಂಬತ್ತನೇ ತಾರೀಖು ಶುಕ್ರವಾರ ನಾಗರಪಂಚಮಿ. ಅಣ್ಣನ ಬೆನ್ನಿಗೆ ತಂಗಿ ಹಾಲು ಹಾಕುವ ದಿನ. ಅಮೃತೇಶನನ್ನು ಕರೆದುಕೊಂಡು ನಿನ್ನ ಮನೆಗೇ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ಜಗುಲಿಯ ಮೇಲೆ ಕೂರುತ್ತೇನೆ. ನನಗೂ ಹೆದರಿಕೆ ಇಲ್ಲ ಎಂದುಕೊಳ್ಳಬೇಡ. ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ. ಹೆದರಿಕೊಂಡೇ ಬರುತ್ತೇನೆ.

ವನಿತಾ

*

ತಾಂಡವಪುರ
7 ಆಗಸ್ಟ್ 2024

ಅತ್ತೆಗೆ ಕವನ ಮಾಡುವ ನಮಸ್ಕಾರ.

ನಿಮ್ಮಿಬ್ಬರ ಕಾಯಿಲೆ ನನಗೂ ಅಂಟಿದೆ, ಮೆಸೇಜ್ ಹಾಕುವುದು ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಅಪ್ಪನ ಜೊತೆ ಕೆಲಸ ಮಾಡಿದ ಕಂಡಕ್ಟರ್ ಒಬ್ಬರ ಕೈಲಿ ಕಳಿಸುತ್ತೇನೆ, ಇವತ್ತೇ ತಲುಪುತ್ತದೆ.

ಅಪ್ಪ ನಿಮಗೆ ಉತ್ತರ ಬರೆಯಲಿಲ್ಲ. ನಿಮ್ಮ ಕಾಗದ ಅವರ ಅಂಗಿಯ ಜೇಬಿನಲ್ಲಿದೆ. ಅವ್ವ ಅಂಗಿ ಒಗೆಯಲು ಕೇಳಿದರೆ ಕೊಡುತ್ತಿಲ್ಲ, ಮೂರು ದಿನದಿಂದ ಅದೇ ಅಂಗಿ. ನೀವು ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ ಎಂದು ಹೇಳಿದರು. ಹೇಳಿದ ಮೇಲೆ ಹೋಗಿ ಜಗುಲಿ ತೊಳೆದರು.

ಅತ್ತೆ, ಒಂದು ಮಾತು. ಆವತ್ತು ಮೆಟ್ಟಿಲ ಮೇಲೆ ನಾನು 'ನಂಗೂ ಬ್ಯಾಡಪ್ಪ' ಅನ್ನದೇ ಇದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲವೇನೋ ಎಂದು ತುಂಬ ದಿನ ಅಂದುಕೊಂಡಿದ್ದೇನೆ. ನೀವು ಬನ್ನಿ. ಖಂಡಿತ ಬನ್ನಿ.

ನಿಮ್ಮ,
ಕವನ

*

ಮೈಸೂರು, ಆಸ್ಪತ್ರೆ
24 ಆಗಸ್ಟ್ 2024

ಕೂಸೇ,

ಇವತ್ತು ನರ್ಸಮ್ಮ ಎದ್ದು ಕೂತು ಬರೆಯಬಹುದು ಎಂದರು. ಕುತ್ತಿಗೆಯಲ್ಲಿ ತೂತು, ಮೂಗಿನಲ್ಲಿ ಊಟದ ಟ್ಯೂಬು. ನೋಡಲು ಚೆನ್ನಾಗಿಲ್ಲ. ನೋವು ಕಡಿಮೆಯಾಗಿದೆ. ಮಾತು ಹೋಗಿದೆ. ಬೆಳಿಗ್ಗೆ ಎದ್ದ ಕೂಡಲೇ ಮರಿತಾಯಮ್ಮನನ್ನು ಕೂಗಲು ಬಾಯಿ ತೆಗೆಯುತ್ತೇನೆ, ಗಾಳಿ ಮಾತ್ರ ಬರುತ್ತದೆ. ಅಭ್ಯಾಸವಾಗಬೇಕು.

ಪಂಚಮಿಯ ದಿನದ ವಿಚಾರ ಬರೆಯಬೇಕು. ನೀನು ಇದ್ದೆ, ಎಲ್ಲ ನೋಡಿದೆ. ಆದರೆ ನನ್ನ ಒಳಗೆ ಏನಿತ್ತು ಎಂದು ನಿನಗೆ ಗೊತ್ತಿಲ್ಲ.

ನೀವಿಬ್ಬರೂ ಗೇಟು ತೆಗೆದು ಬಂದಾಗ ಓಡಿ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಎಂದೇ ಇದ್ದೆ. ಜಗುಲಿಯ ಮೇಲೇ ಕೂತಿದ್ದೆ. ನೀನು ಮಾತಾಡದೆ ಬಂದು, ಅಂಗಿ ಬಿಚ್ಚು ಎಂದು ಸನ್ನೆ ಮಾಡಿದೆ. ಚಿಕ್ಕ ಹುಡುಗನ ಹಾಗೆ ಬಿಚ್ಚಿ ಕೂತೆ. ಆಗ ಅಮೃತೇಶ ನನ್ನ ಮುಂದೆ ಮಂಡಿಯೂರಿ ಕೂತ. 'ಮಾವ, ನೀವು ಆಣೆ ಇಟ್ಟಿದ್ದು ಮೆಟ್ಲ ಮ್ಯಾಲಲ್ಲ, ಈ ತಲೆ ಮ್ಯಾಲೆ. ಇಲ್ಲೇ ಅದೆ ನೋಡಿ. ಇಲ್ಲೇ ಕೈ ಮಡಗಿ, ಇಲ್ಲೇ ಬುಡಿಸ್ಕಳಿ' ಎಂದು ನನ್ನ ಕೈ ಎತ್ತಿ ತಲೆ ಮೇಲೆ ಇಟ್ಟುಕೊಂಡ.

ಆ ತಲೆ ಬಿಸಿಲಿಗೆ ಕಾದಿತ್ತು. ಅವನು ಮಗುವಾಗಿದ್ದಾಗ ಮುಟ್ಟಿದ್ದು, ಆಮೇಲೆ ಮುಟ್ಟಿರಲಿಲ್ಲ. ಕೂಸೇ, ಆ ಹೊತ್ತಿನಲ್ಲಿ ನನಗೆ ತಿಳಿಯಿತು. ಈ ತಲೆಯನ್ನು ಕಾಯುವುದು ನನ್ನ ಕೈಲಾಗುವ ಕೆಲಸವೇ ಅಲ್ಲ. ಯಾವತ್ತೂ ಆಗಿರಲಿಲ್ಲ. ಅವನು ಯಾವ ರಸ್ತೆಯಲ್ಲಿ ಹೋಗುತ್ತಾನೆ, ಯಾವ ಕಂಬದಲ್ಲಿದ್ದಾನೆ ಎಂದೇ ನನಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದವನು ಹೇಗೆ ಕಾಯುತ್ತಾನೆ? ನನ್ನ ಜೀವಮಾನವೆಲ್ಲ ನಾನೇ ಹೊತ್ತಿದ್ದೇನೆ ಎಂದುಕೊಂಡ ಭಾರವನ್ನು ಬೇರೆ ಯಾರೋ ಹೊತ್ತಿದ್ದ.

'ನಂಜುಂಡಪ್ಪ, ನನ್ ಕೈಲಾಗಲ್ಲ. ಇವ್ನ ನೀನೇ ನೋಡ್ಕ. ನಮ್ಮೆಲ್ರುನೂ ನೀನೇ ನೋಡ್ಕ' ಎಂದೆ. ನೀನು ಕೇಳಿಸಿಕೊಂಡ ನನ್ನ ಮೊದಲ ಮಾತು ಅದು, ನಿನಗೆ ಆಡಿದ್ದಲ್ಲ. ಅದು ಮುಗಿಯುವುದರೊಳಗೆ ನೀನು ಬೆನ್ನಿಗೆ ಹಾಲು ಸುರಿದೆ. ಫ್ರಿಜ್ಜಿನಿಂದ ತೆಗೆದ ಹಾಲು. 'ಅಯ್ಯೋ ಕೂಸೇ, ತಣ್ಣಗದಲ್ಲೇ, ಬೆಚ್ಚಗ್ ಮಾಡ್ಕಂಡ್ ಬರಕಾಗ್ನಿಲ್ವಾ' ಎಂದೆ. ಬಿಳಿಗೆರೆಯ ಆ ಎರಡು ಪದ ಬಿಟ್ಟರೆ ಹನ್ನೆರಡು ವರ್ಷದ ಮೇಲೆ ತಂಗಿಗೆ ಆಡಿದ ಮಾತು ಅದು. ನೀನು ನಗಬೇಕೋ ಅಳಬೇಕೋ ತಿಳಿಯದೆ ಚೊಂಬು ಕೆಳಗೆ ಬೀಳಿಸಿದೆ.

ಆಮೇಲೆ ಸಂಜೆವರೆಗೂ ನನಗೆ ಮಾತಿತ್ತು. ಎಷ್ಟೋ ಆಡುವುದಿತ್ತು. ಕ್ಷಮಿಸು ಎನ್ನಬೇಕಿತ್ತು. ಅವ್ವ ಸಾಯುವಾಗ ನಿನ್ನ ಬಗ್ಗೆ ಹೇಳಿದ್ದನ್ನು ಹೇಳಬೇಕಿತ್ತು. ನಾನೇನು ಮಾಡಿದೆ? ರಾಗಿ ಮುದ್ದೆ ಗಟ್ಟಿಯಾಗಿದೆ ಎಂದು ಮರಿತಾಯಮ್ಮನ ಮೇಲೆ ದೂರು ಹೇಳಿದೆ. ನಿಮ್ಮ ಊರಿನ ಬಸ್‌ಸ್ಟ್ಯಾಂಡು ಈಗ ಹೇಗಿದೆ ಎಂದು ಕೇಳಿದೆ. ಒಡೆದ ದನಿಯಲ್ಲಿ ಮೂರು ಗಂಟೆ ಹರಟಿದೆ. ಈಗ ಯೋಚಿಸಿದರೆ ಪಶ್ಚಾತ್ತಾಪವಿಲ್ಲ. ಮನೆ ಮಂದಿ ದಿನಾ ಆಡುವ ಮಾತು ಅಂಥದ್ದೇ. ಅವ್ವ ಹೇಳಿದ್ದನ್ನು ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ.

ನಾನು ಪೂರಾ ಬದಲಾಗಿದ್ದೇನೆ ಎಂದುಕೊಳ್ಳಬೇಡ. ಮೊನ್ನೆ ಗುರುವಾರ ಮಳೆ ಹುಯ್ದಿತು. ಆರು ಗಂಟೆಗೆ ಬರುತ್ತೇನೆ ಎಂದ ಅಮೃತೇಶ ಏಳಾದರೂ ಬರಲಿಲ್ಲ. ಫೋನ್ ಸ್ವಿಚ್ ಆಫ್. ಮಂಚದ ಮೇಲೆ ಬೆವೆತುಹೋದೆ. ಅವನು ನೆಟ್ಟಗೆ ಬಂದರೆ ಇನ್ನು ಮೇಲೆ ನಾನು ಇಂಥದ್ದು ಮುಟ್ಟುವುದಿಲ್ಲ, ಇಂಥದ್ದು ತಿನ್ನುವುದಿಲ್ಲ ಎಂದು ಮತ್ತೆ ಒಂದು ಆಣೆ ಹಾಕಲು ಮನಸ್ಸು ಹೊರಟೇಬಿಟ್ಟಿತು. ಹಳೆಯ ಚಾಳಿ. ಆಮೇಲೆ ತಡೆದುಕೊಂಡೆ. ಏನೂ ಕೊಡುತ್ತೇನೆ ಎನ್ನಲಿಲ್ಲ, ಏನೂ ಬಿಡುತ್ತೇನೆ ಎನ್ನಲಿಲ್ಲ. ನೀನೇ ನೋಡ್ಕಪ್ಪ ಎಂದು ಬರಿಗೈಯಲ್ಲಿ ಕೇಳಿಕೊಂಡು ಕೂತೆ. ಅಷ್ಟು ಕಷ್ಟದ ಕೆಲಸ ನಾನು ಇಟ್ಟಿಗೆ ಗೂಡಿನಲ್ಲೂ ಮಾಡಿಲ್ಲ. ಏಳೂವರೆಗೆ ನೆಂದು ತೊಪ್ಪೆಯಾಗಿ, ಬನ್ನು ಕಚ್ಚಿಕೊಂಡು ಬಂದ. ಚಾರ್ಜ್ ಇರಲಿಲ್ಲವಂತೆ.

ಅವನು ಬರದೇ ಹೋಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಬೇಡ. ಗೊತ್ತಿಲ್ಲ. ಆಗಲೂ ನಂಜುಂಡಪ್ಪನನ್ನೇ ಕೇಳಬೇಕಾಗಿತ್ತು, ಬೇರೆ ಯಾರಿದ್ದಾರೆ?

ಈಗ ನಿನ್ನ ಮೇಲೆ ಒಂದು ದೂರಿದೆ. ಆಪರೇಷನ್ ಆದ ಮೇಲೆ ನೀನು ಎರಡು ಸಲ ಬಂದೆ. ಎರಡು ಸಲವೂ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ನನ್ನ ಕೈ ಹಿಡಿದುಕೊಂಡು, ಬಾಯಿ ಬಿಡದೆ ಎದ್ದುಹೋದೆ. ಅಣ್ಣನಿಗೆ ಮಾತಿಲ್ಲ, ನಾನು ಆಡಿದರೆ ಅವನಿಗೆ ನೋವಾಗುತ್ತದೆ ಎಂದು ಮರಿತಾಯಮ್ಮನ ಹತ್ತಿರ ಹೇಳಿದೆಯಂತೆ. ಮಾತಿಲ್ಲದೆ ಹನ್ನೆರಡು ವರ್ಷ ಕಳೆದದ್ದು ಸಾಕಾಗಲಿಲ್ಲವಾ?

ಹೋಗಿರುವುದು ನನ್ನ ಗಂಟಲು, ಕಿವಿಯಲ್ಲ. ಈ ಕಾಗದವನ್ನು ಅಮೃತೇಶನ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ನಾಳೆ ಭಾನುವಾರ, ಅಂಗನವಾಡಿಗೆ ರಜೆ. ಬೆಳಿಗ್ಗೆಯ ಬಸ್ಸಿಗೇ ಬಾ. ಬಂದು ಮಾತಾಡು. ಮಕ್ಕಳ ವಿಚಾರ, ಮೊಟ್ಟೆಯ ವಿಚಾರ, ಏನಾದರೂ ಸರಿ. ನೀನು ಆಡುತ್ತಾ ಹೋಗು, ನಾನು ಕೇಳುತ್ತಾ ಇರುತ್ತೇನೆ.

ನಿನ್ನ ಅಣ್ಣಯ್ಯ,
ಮಹಾದೇವಸ್ವಾಮಿ